ಟಿಕ್ಕಿಗೆ ಎಷ್ಟು ಟಿಕ್ಕು

ಆಡಿಟ್ಟಿನ ಫಾರಂ ಸೋಮವಾರ ಬಂತು.
ಹದಿನಾಲ್ಕನೇ ಕಲಂ: ಸರ್ವರಿನ ಪ್ರೊಸೆಸರ್ ವೇಗ.
ಮುಂದೆ ಒಂದು ಚೌಕ, ಕಿರುಬೆರಳ ಉಗುರಿನಷ್ಟು.

ದಾವಣಗೆರೆ ಮಂಡಿಪೇಟೆಯ ನಮ್ಮ ಸಹಕಾರಿ ಬ್ಯಾಂಕು.
ಅದರ ಹಿಂದಿನ ಕೋಣೆ ಒಂದು ಕಾಲಕ್ಕೆ ಹತ್ತಿ ಗೋದಾಮು,
ಗೋಡೆಯ ಸಂದಿನಲ್ಲಿ ಇನ್ನೂ ಅರಳೆ.
ಅಲ್ಲಿ ಹದಿನೈದು ವರ್ಷದಿಂದ ನಿಂತಿದೆ ಯುನಿಕ್ಸ್ ಪೆಟ್ಟಿಗೆ,
ನನಗಿಂತ ಒಂಬತ್ತು ವರ್ಷ ಸೀನಿಯರ್.

ಮೈಮೇಲೆ ಬರೆದಿತ್ತಂತೆ ಎಲ್ಲ.
ಆಯುಧಪೂಜೆಗೊಮ್ಮೆ ವಿಭೂತಿ, ಕುಂಕುಮ,
ಮರುದಿನ ಒದ್ದೆ ಬಟ್ಟೆ,
ಮತ್ತೆ ವಿಭೂತಿ, ಮತ್ತೆ ಒದ್ದೆ ಬಟ್ಟೆ.
ಲೇಬಲ್ಲು ಈಗ ಬೋಳು. ಅಂಕಿಯಿದ್ದಲ್ಲಿ ಗಂಧದ ಕಲೆ.

ಮಾರಿದ ಕಂಪನಿಗೆ ಫೋನು ಹಚ್ಚಿದೆ.
ಹುಬ್ಬಳ್ಳಿಯಲ್ಲಿ ಯಾರೋ ಎತ್ತಿದರು:
ಇದು ಈಗ ಟೈಲ್ಸ್ ಅಂಗಡಿರೀ ಮೇಡಂ,
ಬಾತ್‌ರೂಮಿಗೋ, ಹಾಲಿಗೋ?

"ಏನೋ ಒಂದು ಬರಿಯಮ್ಮ, ಅವರೇನು ಬಂದು ಅಳೀತಾರಾ?"
ಮ್ಯಾನೇಜರು ಬಕ್ಕೇಶಪ್ಪನವರು, ಕನ್ನಡಕ ಒರೆಸುತ್ತಾ.
ಬಡ್ಡಿಯ ಹದಿನೇಳು ಪೈಸೆಗೆ
ರಾತ್ರಿ ಒಂಬತ್ತರತನಕ ನನ್ನನ್ನು ಕೂರಿಸಿದವರು ಇವರೇ.
ನಾನು ಬರೆಯಲಿಲ್ಲ.

ಹಾಲಸ್ವಾಮಿ ಚಹಾ ತಂದಿಟ್ಟ. ಬರುವ ಮಾರ್ಚಿಗೆ ನಿವೃತ್ತಿ.
ಅಟೆಂಡರ್ ಆಗುವ ಮುಂಚೆ ಮಿಲ್ಲಿನಲ್ಲಿ ಮಗ್ಗದ ಜಾಬರ್.
"ವೇಗ ತಾನೆ? ನಮಗೆ ಮೀಟರ್ ಇರಲಿಲ್ರಿ ಅಕ್ಕಾರೆ.
ಚೌಕಟ್ಟಿಗೆ ಅಂಗೈ ಇಟ್ರೆ,
ನೂರಾ ಎಂಬತ್ತಕ್ಕೆ ಮೊಣಕೈತನಕ ಜುಮ್ಮನ್ನೋದು,
ನೂರಾ ತೊಂಬತ್ತಕ್ಕೆ ಹಲ್ಲಿಗೆ ಬರೋದು.
ಅದಕ್ಕೂ ಮೇಲೆ ಹೋದ್ರೆ ನೂಲೇ ಹೇಳೋದು."
ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ.
ಚಹಾದ ಮೇಲೆ ಕೆನೆ ಕಟ್ಟಿತು.
"ಫ್ಯಾನು ಒಂದೇ ಸಿಗೋದು. ಒಳಗಿಂದು ಕೈಗೆ ಬರಂಗಿಲ್ಲ."

ಸಂಜೆ ಕೌಂಟರು ಮುಚ್ಚಿದ ಮೇಲೆ
ರೂಟ್ ಆಗಿ ಒಳಹೊಕ್ಕೆ.
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಮುಬಾರಕ್ ಅಲಿ
ಕೈಪಿಡಿಯ ಹಿಂಬದಿಗೆ ಪೆನ್ಸಿಲಿನಲ್ಲಿ ಗೀಚಿಟ್ಟಿದ್ದರು:
ಕರ್ನೆಲ್ಲಿನ ನೆನಪಿಗೆ ಎಡಿಬಿ ಇಳಿಸಿ
'ಐಟಿಕ್ ಪರ್ ಟಿಕ್' ಕೇಳುವುದು.
ಟಿಕ್ಕಿಗೆ ಎಷ್ಟು ಟಿಕ್ಕು!
ಹಳ್ಳಕ್ಕೆ ಎಷ್ಟು ನೀರು, ಒಂದು ಹಳ್ಳದಷ್ಟು,
ಎಂದು ಅಜ್ಜಿ ಆಡಿಸುತ್ತಿದ್ದ ಹಾಗೆ.

ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಟ್ಟಂತೆ
ಒಂದೊಂದೇ ಅಕ್ಷರ ಇಳಿಸಿದೆ.
ಅರ್ಧ ಪೇಟೆಯ ಉಳಿತಾಯ ಇರುವ ಬಾವಿ.
ಓದಲಿಕ್ಕಷ್ಟೇ, ಬರೆಯಲಿಕ್ಕಲ್ಲ,
ಎರಡು ಸಲ ನೋಡಿ ಎಂಟರ್ ಒತ್ತಿದೆ.

ಮೇಲೆ ಬಂತು: ನಲವತ್ತನಾಲ್ಕು ಲಕ್ಷ.
ಸೆಕೆಂಡಿನ ನೂರನೇ ಪಾಲಿಗೆ ಅಷ್ಟು.
ಹತ್ತು ಸಾವಿರದಿಂದ ಭಾಗಿಸಿ, ಅಂದಿತು ಪೆನ್ಸಿಲು.
ನಾನೂರಾ ನಲವತ್ತು ಮೆಗಾಹರ್ಟ್ಸ್.

"ಅಂದ್ರೆ ಸೆಕೆಂಡಿಗೆ ನಲವತ್ತನಾಲ್ಕು ಕೋಟಿ" ಅಂದೆ.
ಬೀಗದ ಗೊಂಚಲು ಹಿಡಿದೇ ನಿಂತ ಹಾಲಸ್ವಾಮಿ.
"ಸೆಕೆಂಡಿಗಾ?"
"ಸೆಕೆಂಡಿಗೆ."
"ಮತ್ತೆ ಪಾಸ್‌ಬುಕ್ಕಿಗೆ ಜನ ಊಟದ ಹೊತ್ತಿನತನಕ ಯಾಕೆ ನಿಲ್ತಾರ್ರಿ?"

ಇನ್ನೊಂದು ಆಜ್ಞೆ ಕೊಟ್ಟು ತೋರಿಸಿದೆ:
ನೂರರಲ್ಲಿ ತೊಂಬತ್ತೆಂಟು ಪಾಲು ಖಾಲಿ.
ಪ್ರಿಂಟರಿನ ರಿಬ್ಬನ್ನಿಗೆ ಕಾಯುತ್ತದೆ,
ಮೂರನೇ ಕೌಂಟರಿನ ಸುಶೀಲಾಬಾಯಿ
ಸ್ಪಂಜಿಗೆ ಬೆರಳು ಅದ್ದುವತನಕ ಕಾಯುತ್ತದೆ,
ಮಂಡಕ್ಕಿ ಭಟ್ಟಿಯಿಂದ ಕೂದಲಲ್ಲಿ ಹೊಟ್ಟು ಹೊತ್ತು ಬಂದವಳು
ಖಾತೆ ನಂಬರು ನೆನಪಿಸಿಕೊಳ್ಳಲಿ ಎಂದು ಕಾಯುತ್ತದೆ,
ಅವಳ 'ತಡೀರಿ' ಒಂದಕ್ಕೆ
ನಲವತ್ತನಾಲ್ಕು ಕೋಟಿ ಟಿಕ್ಕು.

ಅವನು ಮತ್ತೆ ಅಂಗೈ ಇಟ್ಟ, ಈ ಸಲ ಕಣ್ಣು ಬಿಟ್ಟೇ.
"ಹಂಗಾರೆ ಓಡಿ ಬಿಸಿಯಾಗಿದ್ದಲ್ಲ ಇದು.
ಕಾದೂ ಕಾದೂ ಕಾದೈತೆ."

ಫಾರಮ್ಮಿನಲ್ಲಿ ಬರೆದೆ. ಕೊನೆಯ ಸೊನ್ನೆ ಚೌಕದ ಆಚೆ ಬಿತ್ತು.
ಕೈಪಿಡಿಯಲ್ಲಿ, ಪೆನ್ಸಿಲ್ ಸಾಲಿನ ಕೆಳಗೆ,
ಉತ್ತರ, ತಾರೀಖು, ನನ್ನ ಗೀಚು ಸಹಿ.
ಲೇಬಲ್ಲಿನ ಮೇಲೆ ಏನೂ ಬರೆಯಲಿಲ್ಲ.
ಮುಂದಿನ ತಿಂಗಳು ಆಯುಧಪೂಜೆ.